ಎರವಲು ಪರದೆ: ಮುಂಬಯಿಯಲ್ಲಿ ಜಗತ್ತಿನ ಸಿನೆಮಾ ನೋಡಿದ ಬಗೆ

ಘಾಟ್ಕೋಪರ್ ಪಶ್ಚಿಮದಲ್ಲಿ ರಿಕ್ಷಾದವನಿಗೆ ‘ಶ್ರೇಯಸ್’ ಎಂದರೆ ಮರುಮಾತಿಲ್ಲದೆ ಎಲ್.ಬಿ.ಎಸ್. ಮಾರ್ಗದ ಆ ತಿರುವಿಗೆ ತಂದು ಇಳಿಸುತ್ತಾನೆ. ಪೂರ್ವದಲ್ಲಿ ‘ಓಡಿಯನ್’ ಎಂದರೂ ಅಷ್ಟೇ. ಎರಡೂ ಸಿನೆಮಾ ಟಾಕೀಸುಗಳ ಹೆಸರು. ಓಡಿಯನ್ ಇದ್ದ ಜಾಗದಲ್ಲಿ ಈಗ ಅದೇ ಹೆಸರು ಹೊತ್ತ ಮಾಲ್ ಇದೆ. ಮುಂಬಯಿಯ ಉಪನಗರಗಳಲ್ಲಿ ಟಾಕೀಸು ಸತ್ತರೂ ವಿಳಾಸವಾಗಿ ಬಾಳುತ್ತದೆ. ಬಸ್ಸಿನ ನಿಲ್ದಾಣಕ್ಕೆ, ಚೌಕಕ್ಕೆ, ಬಾಡಿಗೆ ಕರಾರಿನ ಕಾಗದಕ್ಕೆ ಅದರ ಹೆಸರು ಅಂಟಿಕೊಂಡಿರುತ್ತದೆ.

ಇಂಥ ಟಾಕೀಸುಗಳು ಹೊಟ್ಟೆ ಹೊರೆದದ್ದು ಹಿಂದಿ ಚಿತ್ರಗಳಿಂದ. ಮ್ಯಾಟಿನಿಯಲ್ಲಿ ಹಳೆಯ ಹಿಂದಿ ಚಿತ್ರ, ಕಡಿಮೆ ದರ. ಘಾಟ್ಕೋಪರಿನಲ್ಲಿ ಮನೆ ಮಾಡಿದ ಒಬ್ಬ ಗುಮಾಸ್ತನಿಗೋ ವಿದ್ಯಾರ್ಥಿಗೋ ಡಿ ಸಿಕಾನದೋ ಕುರೊಸಾವಾನದೋ ಚಿತ್ರ ನೋಡಬೇಕೆನಿಸಿದರೆ ದಕ್ಷಿಣಕ್ಕೆ ಲೋಕಲ್ ಹತ್ತಬೇಕಿತ್ತು. ಮುಂಬಯಿಯಲ್ಲಿ ಜಗತ್ತಿನ ಸಿನೆಮಾ ನೋಡಿದ ಚರಿತ್ರೆಯ ಅರ್ಧ ಭಾಗ ಈ ರೈಲು ಪ್ರಯಾಣದ ಚರಿತ್ರೆಯೇ.

ಪ್ಯಾರಿಸಿನಲ್ಲಿ ಹೆನ್ರಿ ಲಾಂಗ್ಲುವಾ ಮತ್ತು ಗೆಳೆಯರು 1936ರಲ್ಲಿ ‘ಸಿನೆಮಾತೆಕ್ ಫ್ರಾನ್ಸೇಸ್’ ಕಟ್ಟಿದರು. ಹಳೆಯ ಚಿತ್ರಗಳನ್ನು ಕೂಡಿಡುವುದು, ದಿನವೂ ಒಂದಲ್ಲ ಒಂದನ್ನು ತೋರಿಸುವುದು ಅದರ ಕೆಲಸ. ತ್ರೂಫೋ, ಗೊದಾರ್ ಮುಂತಾದವರಿಗೆ ಅದೇ ಶಾಲೆಯಾಯಿತು. ಲಂಡನ್ನಿನಲ್ಲಿ 1950ರ ದಶಕದ ಆರಂಭದಲ್ಲಿ ನ್ಯಾಷನಲ್ ಫಿಲ್ಮ್ ಥಿಯೇಟರ್ ಶುರುವಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಚಿತ್ರ ತಯಾರಿಸುವ ನಗರಗಳಲ್ಲಿ ಒಂದಾದ ಮುಂಬಯಿಯಲ್ಲಿ ಮಾತ್ರ ಹೀಗೆ ನೆಲೆಯೂರಿದ ಥೇಟರು ಬೇರು ಬಿಡಲಿಲ್ಲ. ಇಲ್ಲಿ ಇದ್ದದ್ದು ಎರವಲು ಪರದೆ. ಯಾರದೋ ಸಭಾಂಗಣ, ಯಾರದೋ ಪ್ರೊಜೆಕ್ಟರು, ಯಾವುದೋ ರಾಯಭಾರ ಕಚೇರಿ ಕಳಿಸಿದ ಡಬ್ಬಗಳು, ಭಾನುವಾರ ಬೆಳಗ್ಗೆ ಖಾಲಿ ಬಿದ್ದಿರುವ ಎರಡು ಗಂಟೆ.

ಹಾಗೆ ನೋಡಿದರೆ ಈ ದೇಶದಲ್ಲಿ ಸಿನೆಮಾ ಕಾಲಿಟ್ಟದ್ದೂ ಎರವಲು ಜಾಗದಲ್ಲೇ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಆರು ಕಿರುಚಿತ್ರಗಳನ್ನು ತೋರಿಸಿದ್ದು ಕಾಲಾಘೋಡಾದ ವಾಟ್ಸನ್ ಹೊಟೇಲಿನಲ್ಲಿ. ಟಿಕೆಟಿಗೆ ಒಂದು ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಫಿಲ್ಮ್ ಸೊಸೈಟಿ ಎಂಬ ಕಲ್ಪನೆ ಬಂದದ್ದೂ ಇಲ್ಲಿಗೇ ಮೊದಲು. 1937ರಲ್ಲಿ ಬೊಂಬಾಯಿಯಲ್ಲಿ ಅಮೆಚೂರ್ ಸಿನೆ ಸೊಸೈಟಿ ಹುಟ್ಟಿತು. ನಲವತ್ತರ ದಶಕದಲ್ಲಿ ಬಾಂಬೆ ಫಿಲ್ಮ್ ಸೊಸೈಟಿ ಬಂತು. ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಸೇರಿ ಕಟ್ಟಿದ ಕಲ್ಕತ್ತಾ ಫಿಲ್ಮ್ ಸೊಸೈಟಿ (1947) ಇವಕ್ಕಿಂತ ತಡವಾಗಿ ಬಂದರೂ ಹೆಸರು ಮಾಡಿದ್ದು ಅದೇ. ಬೊಂಬಾಯಿಯ ಮೊದಲ ಸೊಸೈಟಿಗಳು ಕೋಟೆ ಪ್ರದೇಶದ ಇಂಗ್ಲಿಷ್ ಬಲ್ಲವರ ಸಂಜೆಯ ಹವ್ಯಾಸವಾಗಿ ಉಳಿದವು ಎಂಬುದು ನನ್ನ ಗ್ರಹಿಕೆ. ಅವುಗಳಿಂದ ಒಬ್ಬ ರಾಯ್ ಹೊರಬರಲಿಲ್ಲ.

ನಿಜವಾದ ತಿರುವು 1952ರ ಜನವರಿ 24. ಫಿಲ್ಮ್ಸ್ ಡಿವಿಜನ್ ನಡೆಸಿದ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಅಂದು ಬೊಂಬಾಯಿಯ ನ್ಯೂ ಎಂಪೈರ್ ಥೇಟರಿನಲ್ಲಿ ಶುರುವಾಯಿತು. 23 ದೇಶಗಳು, ಸುಮಾರು 40 ಕಥಾಚಿತ್ರಗಳು, ಸುಮಾರು 100 ಕಿರುಚಿತ್ರಗಳು. ಬೊಂಬಾಯಿಯ ನಂತರ ಉತ್ಸವ ಮದರಾಸು, ದೆಹಲಿ, ಕಲ್ಕತ್ತಾಗಳಿಗೂ ಹೋಯಿತು. ಅಮೆರಿಕದಿಂದ ಫ್ರಾಂಕ್ ಕಾಪ್ರಾ ಬಂದಿದ್ದರು. ‘ಬೈಸಿಕಲ್ ಥೀವ್ಸ್’, ‘ಮಿರಾಕಲ್ ಇನ್ ಮಿಲಾನ್’, ‘ರೋಮ್, ಓಪನ್ ಸಿಟಿ’ ಇಲ್ಲಿನ ಪರದೆಯ ಮೇಲೆ ಬಂದವು. ಸೈಕಲ್ ಕಳೆದುಕೊಂಡ ಬಡವ, ಅವನ ಮಗ, ಬೀದಿಯಲ್ಲೇ ಚಿತ್ರೀಕರಣ. ಬಿಮಲ್ ರಾಯ್ ಅದನ್ನು ನೋಡಿ ಮರುವರ್ಷವೇ ‘ದೋ ಬೀಘಾ ಜಮೀನ್’ ತೆಗೆದರು. ರಿಕ್ಷಾ ಎಳೆಯುವ ರೈತನ ಕತೆ ಅದು. ಒಂದು ಉತ್ಸವ ಒಂದು ಉದ್ಯಮದ ದಾರಿ ತಿರುಗಿಸಿತು ಎನ್ನುವಂತಿಲ್ಲ, ಹಿಂದಿ ಸಿನೆಮಾ ಮತ್ತೆ ತನ್ನ ಹಾಡಿಗೆ ಮರಳಿತು. ಆದರೆ ಕಣ್ಣೊಂದು ತೆರೆದದ್ದು ಹೌದು.

1959ರ ಡಿಸೆಂಬರಿನಲ್ಲಿ ಫಿಲ್ಮ್ ಸೊಸೈಟಿಗಳ ಒಕ್ಕೂಟ ಸ್ಥಾಪನೆಯಾಯಿತು. ರಾಯ್ ಅಧ್ಯಕ್ಷರು. ಅರವತ್ತರ ದಶಕದ ಬೊಂಬಾಯಿಯಲ್ಲಿ ‘ಫಿಲ್ಮ್ ಫೋರಂ’ ಚುರುಕಾಗಿತ್ತು. ಅದರಲ್ಲಿ ಓಡಾಡುತ್ತಿದ್ದ ಬಾಸು ಚಟರ್ಜಿ ಆಗ ‘ಬ್ಲಿಟ್ಜ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ. 1968ರಲ್ಲಿ ‘ಪ್ರಭಾತ್ ಚಿತ್ರ ಮಂಡಳ’ ಹುಟ್ಟಿತು. ಇದರ ಮಹತ್ವ ಬೇರೆ. ಇದು ಮರಾಠಿಯಲ್ಲಿ ಯೋಚಿಸುವ, ಮರಾಠಿಯಲ್ಲಿ ಸಿನೆಮಾದ ಬಗ್ಗೆ ಬರೆಯುವ ಮಧ್ಯಮವರ್ಗದ ಸೊಸೈಟಿ. ಇಂಗ್ಲಿಷಿನ ಹಂಗಿಲ್ಲದೆ ಬರ್ಗ್‌ಮನ್ನನ ಬಗ್ಗೆ ಜಗಳವಾಡಬಹುದು ಎಂದು ತೋರಿಸಿಕೊಟ್ಟವರು ಅವರು. ಮುಂಬಯಿಯ ಕನ್ನಡಿಗರು ಅಂಥದ್ದೊಂದನ್ನು ಅಷ್ಟೇ ಗಟ್ಟಿಯಾಗಿ ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಮೊದಲು ಸೊಸೈಟಿಯ ಪ್ರದರ್ಶನ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳಬೇಕು. ಮೊಬೈಲಿನಲ್ಲಿ ಸಿನೆಮಾ ನೋಡುವ ಇಂದಿನ ವಿದ್ಯಾರ್ಥಿಗೆ ಅದು ಪುರಾಣದಂತೆ ಕೇಳಿಸೀತು. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡು ಗಂಟೆಯ ಚಿತ್ರವೆಂದರೆ 10,800 ಅಡಿ, ಎರಡು ಸಾವಿರ ಅಡಿಯ ಆರು ಸುರುಳಿ, ಆರು ತಗಡಿನ ಡಬ್ಬ. ದೊಡ್ಡ ಟಾಕೀಸಿನಲ್ಲಿ ಎರಡು ಪ್ರೊಜೆಕ್ಟರು ಇರುತ್ತಿದ್ದವು. ಒಂದರ ಸುರುಳಿ ಮುಗಿಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಚುಕ್ಕೆಯೊಂದು ಮಿನುಗುತ್ತದೆ, ಆಪರೇಟರು ಮತ್ತೊಂದನ್ನು ಚಾಲೂ ಮಾಡುತ್ತಾನೆ. ಸೊಸೈಟಿಗಳು ಬಾಡಿಗೆಗೆ ಹಿಡಿದ ಸಭಾಂಗಣಗಳಲ್ಲಿ ಬಹಳ ಸಲ ಇದ್ದದ್ದು 16 ಮಿ.ಮೀ.ನ ಒಂದೇ ಪ್ರೊಜೆಕ್ಟರು. ಸುರುಳಿ ಮುಗಿದೊಡನೆ ದೀಪ ಹತ್ತುತ್ತಿತ್ತು. ಹೊಸ ಸುರುಳಿ ಏರಿಸುವ ತನಕ ಜನ ಕತೆ ಎಲ್ಲಿಗೆ ಬಂತೆಂದು ಮಾತಾಡಿಕೊಳ್ಳುತ್ತಿದ್ದರು. ಚಿತ್ರಗಳು ಬರುತ್ತಿದ್ದದ್ದು ಸೋವಿಯತ್, ಪೋಲೆಂಡ್, ಜೆಕೊಸ್ಲೊವಾಕಿಯಾದಂಥ ದೇಶಗಳ ರಾಯಭಾರ ಕಚೇರಿಗಳಿಂದ, ಮ್ಯಾಕ್ಸ್ ಮುಲ್ಲರ್ ಭವನದಿಂದ, ಅಲಿಯಾನ್ಸ್ ಫ್ರಾನ್ಸೇಸಿನಿಂದ, 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ. ಟಿಕೆಟ್ ಮಾರುವಂತಿರಲಿಲ್ಲ, ಸದಸ್ಯರಿಗೆ ಮಾತ್ರ ಪ್ರವೇಶ. ಅದಕ್ಕೆ ಬದಲಾಗಿ ಸೆನ್ಸಾರಿನ ಕತ್ತರಿಯಿಂದ ವಿನಾಯಿತಿ. ಈ ವಿನಾಯಿತಿಯ ಆಸೆಗೇ ಸದಸ್ಯರಾದವರು ಎಷ್ಟೋ ಮಂದಿ. ಅವರು ಕೊಟ್ಟ ಚಂದಾ ಹಣದಲ್ಲೇ ಉಳಿದವರು ಐಸೆನ್‌ಸ್ಟೈನನ ಚಿತ್ರ ನೋಡಿದರು ಎನ್ನುವುದನ್ನೂ ಮರೆಯಬಾರದು.

ಮೆರೀನ್ ಲೈನ್ಸಿನ ತಾರಾಬಾಯಿ ಹಾಲ್ ಸೊಸೈಟಿಗಳ ಒಂದು ಠಿಕಾಣಿ. ಮಂತ್ರಾಲಯದ ಬಳಿಯ ಆಕಾಶವಾಣಿ ಥಿಯೇಟರ್ ಮತ್ತೊಂದು. ಸರಕಾರದ ಸಾಲದಿಂದ ತಯಾರಾದ, ವಿತರಕರು ಮೂಸಿಯೂ ನೋಡದ ಚಿತ್ರಗಳಿಗೆ ಆಕಾಶವಾಣಿಯೇ ಆಸರೆ. ಈ ನಗರ ಕಂಡ ಥೇಟರುಗಳಲ್ಲಿ ಸಿನೆಮಾತೆಕ್ ಎಂಬ ಕಲ್ಪನೆಗೆ ಅತಿ ಹತ್ತಿರ ಬಂದದ್ದು ಅದು. ಘಾಟ್ಕೋಪರಿನಿಂದ ಅಲ್ಲಿಗೆ ಹೋಗುವುದೆಂದರೆ ಸೆಂಟ್ರಲ್ ಲೈನಿನಲ್ಲಿ ವಿ.ಟಿ.ವರೆಗೆ ಸುಮಾರು 20 ಕಿಲೋಮೀಟರು, ಆಮೇಲೆ ನಡಿಗೆ ಅಥವಾ ಬೆಸ್ಟ್ ಬಸ್ಸು. ಸಂಜೆಯ ಆಟವೆಂದರೆ ಊಟ ತಪ್ಪಿತು. ಚರ್ಚೆಗೂ ಕೂತರೆ ಕೊನೆಯ ಲೋಕಲಿನ ಚಿಂತೆ.

ಈಗ ನಮ್ಮವರ ಮಾತು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಮಾಹಿಮಿನ ಕರ್ನಾಟಕ ಸಂಘ 1933ರದು. ನಾಟಕ, ಯಕ್ಷಗಾನ, ಉಪನ್ಯಾಸಗಳಿಗೆ ಇಲ್ಲಿ ಕೊರತೆಯಿರಲಿಲ್ಲ. ಆದರೆ ಕರಾವಳಿಯಿಂದ ಬಂದ ಬಹುಸಂಖ್ಯೆಯ ಕನ್ನಡಿಗರು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ಹೊಟೇಲಿನ ಹುಡುಗನಿಗೆ ಭಾನುವಾರ ರಜೆಯ ದಿನವಲ್ಲ, ಅತಿ ಹೆಚ್ಚು ಗಿರಾಕಿ ಬರುವ ದಿನ. ಅವನಿಗೆ ದಕ್ಕುತ್ತಿದ್ದದ್ದು ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ನಡುವಿನ ಮ್ಯಾಟಿನಿ ಹೊತ್ತು, ಕಾಲ್ನಡಿಗೆಯ ದೂರದ ಟಾಕೀಸು. ಸಂಜೆ ಆರೂವರೆಗೆ ತಾರಾಬಾಯಿ ಹಾಲಿನಲ್ಲಿ ಕೂರುವ ಪುರುಸೊತ್ತು ಬ್ಯಾಂಕಿನವರಿಗೆ, ಕಾಲೇಜಿನವರಿಗೆ ಮಾತ್ರ. ರುಚಿಯ ಪ್ರಶ್ನೆ ಎಂದು ನಾವು ಸುಲಭವಾಗಿ ಹೇಳಿಬಿಡುವುದರಲ್ಲಿ ಹೆಚ್ಚಿನ ಪಾಲು ಪಾಳಿಯ ಪ್ರಶ್ನೆ.

ಇದರಲ್ಲೊಂದು ವಿಚಿತ್ರವಿದೆ. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಮೂರಕ್ಕೂ ಸ್ವರ್ಣಕಮಲ ಬಂತು. ಒಂದೇ ದಶಕದಲ್ಲಿ ಮೂರು ಸಲ ದೇಶದ ಅತ್ಯುತ್ತಮ ಚಿತ್ರ ಕನ್ನಡದ್ದು. ಹೀಗಾಗಿ ಸೊಸೈಟಿಗಳ ವಲಯದಲ್ಲಿ ಕನ್ನಡವೂ ‘ಜಗತ್ತಿನ ಸಿನೆಮಾ’ದ ಭಾಗವಾಯಿತು. ಇಂಗ್ಲಿಷ್ ಅಡಿಬರಹ ಓದಿಕೊಂಡು ಕನ್ನಡ ಚಿತ್ರ ನೋಡುವ ಮರಾಠಿ, ಬಂಗಾಳಿ ರಸಿಕರ ಕೂಟವೊಂದು ತಯಾರಾಯಿತು. ಅಡಿಬರಹ ಬೇಡದ ಕನ್ನಡಿಗ ಅದೇ ಹೊತ್ತಿಗೆ ಊರಿನ ನೆನಪು ತರುವ ರಾಜಕುಮಾರರ ಚಿತ್ರಕ್ಕೆ ಕಾದಿರುತ್ತಿದ್ದ. ಅದನ್ನು ನಾನು ತಪ್ಪೆನ್ನಲಾರೆ. ದಿನವಿಡೀ ಹಿಂದಿ, ಮರಾಠಿಯಲ್ಲಿ ಹರಕು ಮಾತಾಡಿ ದಣಿದವನಿಗೆ ಬೆಳ್ಳಿತೆರೆಯ ಮೇಲೆ ತುಂಬು ಕನ್ನಡ ಕೇಳುವುದೇ ಒಂದು ಊಟ.

ಹೆಗ್ಗೋಡಿನ ಉದಾಹರಣೆ ಇಲ್ಲಿ ಚುಚ್ಚುತ್ತದೆ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಪುಣೆಯ ಸಂಗ್ರಹಾಲಯದ ಪಿ.ಕೆ. ನಾಯರ್, ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅದರ ಬೆನ್ನಿಗೆ ನಿಂತರು. ‘ಪಥೇರ್ ಪಾಂಚಾಲಿ’, ‘ರಾಶೊಮನ್’, ‘ಬೈಸಿಕಲ್ ಥೀವ್ಸ್’ ಅಡಿಕೆ ತೋಟದ ಜನರ ಮುಂದೆ ಬಂದವು. ಸಾಗರದ ಪಕ್ಕದ ಹಳ್ಳಿಯ ರೈತ ನೋಡಿದ ಕುರೊಸಾವಾನನ್ನು ಘಾಟ್ಕೋಪರಿನ ಕನ್ನಡಿಗ ನೋಡಿರಲಿಲ್ಲ. ಮಹಾನಗರಕ್ಕೆ ಬಂದರೆ ಜಗತ್ತು ಸಿಗುತ್ತದೆಂಬ ನಂಬಿಕೆ ಎಲ್ಲರ ಪಾಲಿಗೂ ನಿಜವಲ್ಲ.

ಹಾಗೆಂದು ಮುಂಬಯಿ ಏನನ್ನೂ ಕೊಡಲಿಲ್ಲವೆಂದಲ್ಲ. ಈ ನಗರದ ರಂಗಭೂಮಿಯಲ್ಲಿ ಪಳಗಿದ ಅನಂತನಾಗ್ ಶ್ಯಾಮ್ ಬೆನೆಗಲ್ಲರ ‘ಅಂಕುರ್’ಗೆ (1974) ಹೋದರು. ಇಲ್ಲಿಯ ಮರಾಠಿ ನಾಟಕಗಳಲ್ಲಿ ಆಡುತ್ತಿದ್ದ ತಮ್ಮ ಶಂಕರನಾಗ್ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ಗೆ (1978) ಬಂದರು. ಆ ಚಿತ್ರ ಕುರೊಸಾವಾನಿಗೆ ಕಾರ್ನಾಡರು ಸಲ್ಲಿಸಿದ ವಂದನೆ. ಜಪಾನಿನ ಸಮುರಾಯಿ ಕನ್ನಡದ ಬಾಡಿಗೆ ಬಂಟನಾಗಿ ಕತ್ತಿ ಹಿಡಿದ. ಮುಂದಿನ ವರ್ಷದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರನಾಗ್ ಶ್ರೇಷ್ಠ ನಟರಾದರು.

ಇವರಿಗೂ ಹಿಂದೆ ಇಬ್ಬರಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಪಡುಕೋಣೆ, ಮೈಸೂರಿನ ವಿ.ಕೆ. ಮೂರ್ತಿ. ‘ಕಾಗಜ್ ಕೇ ಫೂಲ್’ (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಸ್ಟುಡಿಯೋದ ಮೇಲಿನಿಂದ ಇಳಿಯುವ ಆ ಬೆಳಕಿನ ಕೋಲನ್ನು ಮೂರ್ತಿಯವರು ಪಡೆದದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಒಂದು ಕನ್ನಡಿ ಹಿಡಿದು ಮತ್ತೊಂದಕ್ಕೆ ದಾಟಿಸಿತು, ಅದು ಕತ್ತಲ ಸ್ಟುಡಿಯೋದೊಳಕ್ಕೆ ಬಿಟ್ಟಿತು. ಚಿತ್ರ ಸೋತಿತು. ಗುರುದತ್ ಮತ್ತೆ ತಮ್ಮ ಹೆಸರಿನಲ್ಲಿ ನಿರ್ದೇಶಿಸಲಿಲ್ಲ.

ಪರದೆಯ ಪ್ರಶ್ನೆ ನಿಜಕ್ಕೂ ಬರುವುದು ಇಂಥ ಚಿತ್ರದಲ್ಲಿ. ಸಿನೆಮಾಸ್ಕೋಪಿನಲ್ಲಿ ಕ್ಯಾಮೆರಾದ ಮಸೂರ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ ಫಿಲ್ಮಿನ ಮೇಲೆ ಕೂರಿಸುತ್ತದೆ. ಪ್ರೊಜೆಕ್ಟರಿಗೆ ಹಚ್ಚಿದ ಇನ್ನೊಂದು ಮಸೂರ ಅದನ್ನು ಮತ್ತೆ ಹರಡುತ್ತದೆ. ಎತ್ತರಕ್ಕಿಂತ ಅಗಲ ಎರಡು ಪಟ್ಟಿಗೂ ಮಿಕ್ಕಿ. ದೂರದರ್ಶನದಲ್ಲಿ, ವಿಡಿಯೊ ಕ್ಯಾಸೆಟ್ಟಿನಲ್ಲಿ ಇಂಥ ಚಿತ್ರ ನೋಡಿದವರಿಗೆ ಎರಡೂ ಪಕ್ಕ ಕತ್ತರಿಸಿದ ಚೌಕ ಮಾತ್ರ ಸಿಕ್ಕಿತು. ಮೂರ್ತಿಯವರು ಖಾಲಿ ಬಿಟ್ಟ ಜಾಗ, ಅಂದರೆ ಒಂಟಿತನ ಕಾಣಬೇಕಾದ ಜಾಗ, ಅವರ ಕಣ್ಣಿಗೆ ಬೀಳಲೇ ಇಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ ಅವರು ಬೆಂಗಳೂರಿಗೆ ಮರಳಿ ವರ್ಷಗಳೇ ಆಗಿದ್ದವು. 2025ರ ಆಗಸ್ಟಿನಲ್ಲಿ ಗುರುದತ್ ಶತಮಾನೋತ್ಸವಕ್ಕೆಂದು ‘ಪ್ಯಾಸಾ’, ‘ಚೌದವೀ ಕಾ ಚಾಂದ್’ ಮುಂತಾದವು ಹೊಸ ಪ್ರತಿಗಳಾಗಿ ಮಲ್ಟಿಪ್ಲೆಕ್ಸುಗಳಿಗೆ ಬಂದವು.

ಎಂಬತ್ತರ ದಶಕದ ವಿಡಿಯೊ ಸೊಸೈಟಿಗಳ ಬೆನ್ನೆಲುಬು ಮುರಿಯಿತು, ಡಿವಿಡಿ ಉಳಿದದ್ದನ್ನು ಮುಗಿಸಿತು. 1997ರಲ್ಲಿ ಹೃಷಿಕೇಶ್ ಮುಖರ್ಜಿಯವರ ನೇತೃತ್ವದಲ್ಲಿ ‘ಮಾಮಿ’ ಚಿತ್ರೋತ್ಸವ ಶುರುವಾಗಿ ಜಗತ್ತಿನ ಸಿನೆಮಾ ವರ್ಷಕ್ಕೊಂದು ವಾರದ ಜಾತ್ರೆಯಾಯಿತು. ಉತ್ಸವದ ಪರದೆಗಳು ಮೆಲ್ಲಗೆ ಅಂಧೇರಿ, ವರ್ಸೋವಾಗಳತ್ತ ಸರಿದವು. 2014ರ ಜೂನ್ 8ರಂದು ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೊ ಓಡತೊಡಗಿತು, 11.4 ಕಿಲೋಮೀಟರು, 12 ನಿಲ್ದಾಣ. ದಾದರಿನಲ್ಲಿ ಗಾಡಿ ಬದಲಿಸಿ ನುಗ್ಗಾಡುತ್ತಿದ್ದ ಘಾಟ್ಕೋಪರಿನವರಿಗೆ ಇರಾನಿನ, ಕೊರಿಯಾದ ಚಿತ್ರ ಅರ್ಧ ಗಂಟೆಯೊಳಗಿನ ದಾರಿಯಾಯಿತು. ಸಿನೆಮಾ ಚರಿತ್ರೆಯ ಪುಸ್ತಕಗಳಲ್ಲಿ ಮೆಟ್ರೊಗೆ ಜಾಗವಿಲ್ಲ, ಇರಬೇಕಿತ್ತು.

ಹಳೆಯ ಚಿತ್ರ ತೋರಿಸಲು ಮೊದಲು ಅದು ಉಳಿದಿರಬೇಕಲ್ಲ. ಶಿವೇಂದ್ರ ಸಿಂಗ್ ಡುಂಗರ್‌ಪುರ್ 2014ರಲ್ಲಿ ಇದೇ ನಗರದಲ್ಲಿ ಕಟ್ಟಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಆ ಕೆಲಸಕ್ಕೆ ಕೈಹಾಕಿತು. ಕೊಲಾಬಾದ ರೀಗಲ್ ಥೇಟರಿನಲ್ಲಿ, ಅಂದರೆ 1933ರ ಕಟ್ಟಡದಲ್ಲಿ, ದುರಸ್ತಿಯಾದ ಹಳೆಯ ಚಿತ್ರಗಳನ್ನು ಅದು ತೋರಿಸಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಜೊತೆ ಸೇರಿ ಈ ಸಂಸ್ಥೆ ದುರಸ್ತಿ ಮಾಡಿಸಿತು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಎಸ್. ರಾಮಚಂದ್ರ ಹಿಡಿದ ಮಲೆನಾಡಿನ ಕಪ್ಪು-ಬಿಳುಪು ಕತ್ತಲೆ 47 ವರ್ಷಗಳ ಮೇಲೆ ಮತ್ತೆ ತನ್ನ ಆಳಕ್ಕೆ ಮರಳಿತು.

ಈ ಅದೃಷ್ಟ ಎಲ್ಲಕ್ಕೂ ಇಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ನೂರಾರು ಹಳೆಯ ನೈಟ್ರೇಟ್ ಚಿತ್ರಗಳ ಸುರುಳಿಗಳು ಬೂದಿಯಾದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ತಯಾರಾದದ್ದು ಈ ಕಡೆಯೇ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರ ದನಿ ಮೊದಲ ಬಾರಿ ಫಿಲ್ಮಿನ ಮೇಲೆ ಮೂಡಿದ್ದು ಅಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ.