ಕಾಣುವ ಅಕ್ಷರ, ಕಾಣದ ಪಠ್ಯ: ಕನ್ನಡ ಸಂಶೋಧನ ಪ್ರಬಂಧಗಳ ಪಿಡಿಎಫ್ ರೂಪಾಂತರದ ಚರಿತ್ರೆ

ಸಾರಾಂಶ: ಕನ್ನಡದ ಸಂಶೋಧನ ಬರಹಗಳು ಪಿಡಿಎಫ್ ಕಡತಗಳಾಗಿ ಸಲ್ಲಿಕೆಯಾಗತೊಡಗಿದ ಬಗೆಯನ್ನು ಈ ಲೇಖನವು ಪರಿಶೀಲಿಸುತ್ತದೆ. ಪುಟದ ರೂಪವು ಉಳಿದರೂ ಅಕ್ಷರಗಳ ಗುರುತು ಅಳಿದುಹೋದುದೇ ಈ ಚರಿತ್ರೆಯ ಮುಖ್ಯ ಸಂಗತಿ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಪಿಡಿಎಫ್, ಯೂನಿಕೋಡ್, ನುಡಿ, ಅರ್ಕಾವತ್ತು, ಪಠ್ಯಕೋಶ

1. ಪ್ರವೇಶ

ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಮುನ್ನ ಸಿಗುವ ಜ್ಞಾನಭಾರತಿ ಆವರಣದ ಸಂಶೋಧಕರಿಗೆ ವಿಜಯನಗರ, ರಾಜಾಜಿನಗರಗಳ ಡಿಟಿಪಿ ಅಂಗಡಿಗಳು ಬಹುಕಾಲ ಸಂಶೋಧನೆಯ ಕೊನೆಯ ನಿಲ್ದಾಣಗಳಾಗಿದ್ದವು. ಹಸ್ತಪ್ರತಿಯನ್ನು ಅಲ್ಲಿಗೆ ಒಯ್ದು, ಬೆರಳಚ್ಚು ಮಾಡಿಸಿ, ಕರಡು ತಿದ್ದಿ, ರಟ್ಟು ಕಟ್ಟಿಸಿ ಸಲ್ಲಿಸಿದರೆ ಕೆಲಸ ಮುಗಿಯುತ್ತಿತ್ತು. ನಮ್ಮ ಪ್ರಬಂಧವೂ ಇಂತಹುದೇ ಒಂದು ಅಂಗಡಿಯಲ್ಲಿ ಸಿದ್ಧವಾಯಿತು. ಅದರ ಪಿಡಿಎಫ್ ಪ್ರತಿಯೊಂದು ಸಿ.ಡಿ.ಯಲ್ಲಿ ನಮ್ಮ ಬಳಿ ಉಳಿಯಿತು.

ವರ್ಷಗಳ ನಂತರ ಆ ಕಡತದಲ್ಲಿ ‘ವಿಭಕ್ತಿ’ ಎಂಬ ಪದವನ್ನು ಹುಡುಕಿದೆವು. ಪ್ರಬಂಧದ ಒಂದು ಅಧ್ಯಾಯವೇ ವಿಭಕ್ತಿಯನ್ನು ಕುರಿತದ್ದಾದರೂ ಪದವು ಒಮ್ಮೆಯೂ ಸಿಗಲಿಲ್ಲ. ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಬಂದದ್ದು ಲ್ಯಾಟಿನ್ ಅಕ್ಷರಗಳ ಹಾಗೂ ಪೌಂಡ್ ಚಿಹ್ನೆಗಳ ಸಾಲು. ಇದು ಹೇಗಾಯಿತೆಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

2. ಎರಡು ಶಿಷ್ಟತೆಗಳು

ಕನ್ನಡ ಲಿಪಿಯು 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಅದರ ಅಕ್ಷರಕ್ರಮಕ್ಕೆ ಭಾರತೀಯ ಲಿಪಿಗಳಿಗಾಗಿ ರೂಪುಗೊಂಡಿದ್ದ ಇಸ್ಕಿ ಸಂಕೇತವ್ಯವಸ್ಥೆಯ 1988ರ ರೂಪವು ಆಧಾರವಾಗಿತ್ತು. ಅಡೋಬಿ ಸಂಸ್ಥೆಯು ಪಿಡಿಎಫ್ ವಿನ್ಯಾಸವನ್ನು ಹೊರತಂದದ್ದು 1993ರಲ್ಲಿ. ಹೀಗೆ ಎರಡೂ ಸರಿಸುಮಾರು ಸಮಕಾಲೀನವಾದರೂ ಕನ್ನಡದ ಮಟ್ಟಿಗೆ ಅವು ಕೂಡಿ ನಡೆಯಲಿಲ್ಲ. ಯೂನಿಕೋಡ್ ಅಕ್ಷರಗಳಿಂದ ಒತ್ತಕ್ಷರಗಳನ್ನು ಕಟ್ಟಬಲ್ಲ ತಂತ್ರಾಂಶ ಜನಬಳಕೆಗೆ ಬರಲು ಕಾಲ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಅಕ್ಷರಶೈಲಿಯು ಬಂದಿತಾದರೂ ಡಿಟಿಪಿ ಅಂಗಡಿಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ತನ್ನ ಕೊನೆಯ ಆವೃತ್ತಿಯವರೆಗೂ ಯೂನಿಕೋಡನ್ನು ಬೆಂಬಲಿಸಲಿಲ್ಲ.

ಈ ತೆರವನ್ನು ತುಂಬಿದ್ದು 1998ರಲ್ಲಿ ಬಂದ ‘ಬರಹ’ ಮತ್ತು ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’. ಇವುಗಳ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆ ದಶಕದ ಕನ್ನಡ ವಿದ್ವತ್ ಬರಹದ ಬಹುಭಾಗವು ಗಣಕಕ್ಕೆ ಇಳಿದದ್ದು ಇವುಗಳ ಮೂಲಕವೇ.

3. ‘ಕನ್ನಡ’ ಎಂಬ ಪದದ ಒಳಗೆ

ಹಳೆಯ ನುಡಿ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಪದವು ಏಳು ಘಟಕಗಳಾಗಿ ಸಂಗ್ರಹಗೊಳ್ಳುತ್ತದೆ: ತಲೆಕಟ್ಟಿಲ್ಲದ ಕಕಾರ, ತಲೆಕಟ್ಟು, ತಲೆಕಟ್ಟಿಲ್ಲದ ನಕಾರ, ತಲೆಕಟ್ಟು, ನಕಾರದ ಒತ್ತು, ತಲೆಕಟ್ಟಿಲ್ಲದ ಡಕಾರ, ತಲೆಕಟ್ಟು. ಗಣಕದ ದೃಷ್ಟಿಯಲ್ಲಿ ಮೊದಲನೆಯದು ಲ್ಯಾಟಿನ್ನಿನ ದೊಡ್ಡಕ್ಷರ ‘ಪಿ’, ಮೂರನೆಯದು ಪೌಂಡ್ ಚಿಹ್ನೆ. ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದು ಘಟಕಗಳು: ಕ, ನ, ವಿರಾಮ ಚಿಹ್ನೆ, ನ, ಡ.

ವ್ಯತ್ಯಾಸವು ಸಂಖ್ಯೆಯದಷ್ಟೇ ಅಲ್ಲ. ಮೊದಲನೆಯದು ಲೇಖನಿಯ ಚಲನೆಯನ್ನು ವಿಭಜಿಸುತ್ತದೆ. ಎರಡನೆಯದು ಲಿಪಿಯ ವ್ಯಾಕರಣವನ್ನು. ತಲೆಕಟ್ಟು ಅಲ್ಲಿ ಸ್ವತಂತ್ರ ಘಟಕ. ಇಲ್ಲಿ ಅದು ಅಂತರ್ಗತ ಅಕಾರದ ತೋರಿಕೆ ಮಾತ್ರ. ಅಕ್ಷರಶೈಲಿಯು ಜೊತೆಗಿರುವ ತನಕ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಪಿಡಿಎಫ್ ತನ್ನೊಳಗೆ ಅಕ್ಷರಶೈಲಿಯನ್ನು ಹುದುಗಿಸಿಕೊಳ್ಳಬಲ್ಲದಾದುದರಿಂದ ಆ ಸಾದೃಶ್ಯವು ಶಾಶ್ವತವಾಯಿತು. ಒಳಗಿನ ದೋಷವೂ ಅದರೊಂದಿಗೆ ಶಾಶ್ವತವಾಯಿತು.

4. ಸಲ್ಲಿಕೆಯ ನಿಯಮ ಮತ್ತು ಅರ್ಕಾವತ್ತು

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಅಂಗೀಕೃತ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿತು. ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಭಂಡಾರದಲ್ಲಿ ಅವು ಪಿಡಿಎಫ್ ರೂಪದಲ್ಲಿ ಶೇಖರಗೊಳ್ಳತೊಡಗಿದವು. ಪಿಡಿಎಫ್ 2008ರಲ್ಲಿ ಅಂತರರಾಷ್ಟ್ರೀಯ ಶಿಷ್ಟತೆಯಾಗಿತ್ತು, ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆದರೆ ಕಡತವು ತೆರೆದುಕೊಳ್ಳುವುದೇ ಎಂದು ನೋಡುವುದು ಸುಲಭ. ಅದರೊಳಗಿನ ಪಠ್ಯವು ಕನ್ನಡವೇ ಎಂದು ತಿಳಿಯಲು ಬೇರೆಯೇ ಪರೀಕ್ಷೆ ಬೇಕು.

ಯೂನಿಕೋಡಿನಲ್ಲಿ ಬರೆದವರೂ ಇದರಿಂದ ಪೂರ್ಣ ಪಾರಾಗಲಿಲ್ಲ. ಪಿಡಿಎಫ್ ಮೂಲತಃ ಪುಟದ ಮೇಲೆ ಯಾವ ಆಕೃತಿ ಎಲ್ಲಿ ನಿಲ್ಲಬೇಕೆಂಬ ವಿವರಣೆ. ಯಾವ ಆಕೃತಿಗೆ ಯಾವ ಅಕ್ಷರವೆಂದು ತಿಳಿಸುವ ಪಟ್ಟಿಯನ್ನು ಅದರಲ್ಲಿ ಸೇರಿಸಬಹುದು. ಆದರೆ ಅದು ಐಚ್ಛಿಕ. ಪಟ್ಟಿ ಇದ್ದರೂ ಅರ್ಕಾವತ್ತಿನಲ್ಲಿ ತೊಡಕುಂಟು. ‘ಕರ್ಮಣಿ’ ಎಂಬಲ್ಲಿ ರೇಫವು ಉಚ್ಚಾರಣೆಯಲ್ಲಿ ಮಕಾರಕ್ಕೆ ಮೊದಲು, ಬರವಣಿಗೆಯಲ್ಲಿ ಮಕಾರದ ನಂತರ. ಆಕೃತಿಗಳ ಕ್ರಮದಲ್ಲಿಯೇ ಪಠ್ಯವನ್ನು ಹೊರತೆಗೆದರೆ ದೊರೆಯುವುದು ‘ಕಮರ್ಣಿ’. ಕರ್ಮಣಿ ಪ್ರಯೋಗದ ನಿದರ್ಶನಗಳನ್ನು ಹುಡುಕುವ ವಿದ್ಯಾರ್ಥಿಗೆ ಇಂತಹ ಕಡತವು ಬರಿಗೈ ತೋರಿಸುತ್ತದೆ. ಇದರಿಂದ ಕಟ್ಟಿದ ಪಠ್ಯಕೋಶದ ಪದಪಟ್ಟಿಯಲ್ಲಿ ಭಾಷೆಯಲ್ಲಿ ಇಲ್ಲದ ರೂಪಗಳು ಆವೃತ್ತಿಸಂಖ್ಯೆ ಸಮೇತ ನೆಲೆಗೊಳ್ಳುತ್ತವೆ.

5. ಸಮಾರೋಪ

ಸಂಕೇತವ್ಯವಸ್ಥೆಯಲ್ಲಿ ತಪ್ಪು ನುಸುಳಿದಾಗ ಅದನ್ನು ದಾಖಲಿಸಿ ತಿದ್ದಿಕೊಂಡ ನಿದರ್ಶನವೂ ನಮ್ಮ ಲಿಪಿಯಲ್ಲಿಯೇ ಇದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ‘ಫ’ ಎಂಬ ತಪ್ಪು ಹೆಸರನ್ನಿತ್ತಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಲಾಗದ ನಿಯಮವಿರುವುದರಿಂದ ಸರಿಯಾದ ಪರ್ಯಾಯನಾಮವನ್ನು ಅಧಿಕೃತವಾಗಿ ಸೇರಿಸಲಾಯಿತು. ಹಳೆಯ ಪ್ರಬಂಧಗಳ ವಿಷಯದಲ್ಲಿಯೂ ಇಂತಹುದೇ ಕ್ರಮ ಸಾಧ್ಯ: ಸಲ್ಲಿಸಿದ ಪಿಡಿಎಫ್ ಇದ್ದಂತೆಯೇ ಇರಲಿ, ಪಕ್ಕದಲ್ಲಿ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯವೂ ಇರಲಿ. ನುಡಿಯ ಮೂಲ ಕಡತ ಉಳಿದಿರುವಲ್ಲಿ ಈ ಪರಿವರ್ತನೆಗೆ ಸಾಧನಗಳಿವೆ. ಮೂಲ ಕಡತಗಳು ಅಂಗಡಿಗಳ ಹಳೆಯ ಗಣಕಗಳೊಂದಿಗೆ ಕಣ್ಮರೆಯಾಗುವ ಮುನ್ನ ಈ ಕೆಲಸ ನಡೆಯಬೇಕಾಗಿದೆ.

ಹೊಸ ಸಲ್ಲಿಕೆಗಳಿಗೆ ದಾರಿ ಇನ್ನೂ ಸುಗಮ. ಪಿಡಿಎಫ್‌ನ ಅಭಿಲೇಖ ಶಿಷ್ಟತೆಯ 2011ರ ಎರಡನೆಯ ಭಾಗವು ಪಠ್ಯವೆಲ್ಲಕ್ಕೂ ಯೂನಿಕೋಡ್ ಹೊಂದಾಣಿಕೆ ಇರಲೇಬೇಕೆಂಬ ಒಂದು ಸ್ತರವನ್ನು ನಿಗದಿಪಡಿಸಿದೆ. ವಿಶ್ವವಿದ್ಯಾನಿಲಯಗಳೂ ಪತ್ರಿಕೆಗಳೂ ಅದನ್ನು ಕೇಳಬಹುದು. ಆದರೆ ಆ ಸ್ತರವೂ ಅಕ್ಷರಗಳ ಅನುಕ್ರಮಕ್ಕೆ ಹೊಣೆಯಾಗದು. ಆದುದರಿಂದ ಕಡತವನ್ನು ಸಲ್ಲಿಸುವ ಮುನ್ನ ಅದರಲ್ಲಿ ಒಂದು ಅರ್ಕಾವತ್ತಿನ ಪದವನ್ನೂ ಒಂದು ಒತ್ತಕ್ಷರದ ಪದವನ್ನೂ ಹುಡುಕಿ ನೋಡುವುದನ್ನು ಸಂಶೋಧಕರು ರೂಢಿಸಿಕೊಳ್ಳಬೇಕು. ಪದ ಸಿಗದಿದ್ದರೆ ಕಡತವನ್ನು ಮರಳಿ ಸಿದ್ಧಪಡಿಸಬೇಕು.