ಜಿನೋವಿಯೆವ್ ಪತ್ರವೆಂಬ ಕೂಟಲೇಖ

ರಾಜಶಾಸನವನ್ನು ಕೃತ್ರಿಮವಾಗಿ ಸೃಷ್ಟಿಸುವವನನ್ನು ನಮ್ಮ ಧರ್ಮಶಾಸ್ತ್ರಕಾರರು ಮಹಾಪರಾಧಿಗಳ ಸಾಲಿನಲ್ಲಿ ಎಣಿಸಿದ್ದಾರೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಅಂಥವನಿಗೆ ಮರಣದಂಡನೆಯನ್ನೇ ವಿಧಿಸುತ್ತದೆ. ಆದರೆ ಯಾರೋ ಹುಟ್ಟಿಸಿದ ಕೂಟಲೇಖಕ್ಕೆ ರಾಜ್ಯವೇ ತನ್ನ ಮುದ್ರೆಯನ್ನೊತ್ತಿದರೆ ಪ್ರಜೆಗಳು ಯಾರಲ್ಲಿ ಮೊರೆಯಿಡಬೇಕು? ಇಂಗ್ಲೆಂಡಿನಲ್ಲಿ 1924ನೆಯ ಇಸವಿಯ ಚುನಾವಣೆಯಲ್ಲಿ ನಡೆದ ಪ್ರಸಂಗವೊಂದು ಈ ಪ್ರಶ್ನೆಗೆ ಉತ್ತಮ ನಿದರ್ಶನವಾಗಿರುವುದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ಆ ವರ್ಷದ ಜನವರಿಯಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡರ ನೇತೃತ್ವದಲ್ಲಿ ಕಾರ್ಮಿಕಪಕ್ಷವು ಮೊತ್ತಮೊದಲು ಅಧಿಕಾರಕ್ಕೆ ಬಂದಿತು. ಪಾರ್ಲಿಮೆಂಟಿನಲ್ಲಿ ಅದಕ್ಕೆ ಸ್ವಂತ ಬಹುಮತವಿರಲಿಲ್ಲ. ಅದು ಫೆಬ್ರವರಿಯಲ್ಲಿ ರಷ್ಯದ ಸೋವಿಯೆತ್ ಸರ್ಕಾರಕ್ಕೆ ಮನ್ನಣೆಯಿತ್ತು, ಆಗಸ್ಟಿನಲ್ಲಿ ಅದರೊಡನೆ ಒಪ್ಪಂದಗಳನ್ನು ಮಾಡಿಕೊಂಡಾಗ ವಿರೋಧಿಗಳ ಸಂದೇಹವು ಇಮ್ಮಡಿಯಾಯಿತು. ಅಕ್ಟೋಬರ್ 8ರಂದು ಸರ್ಕಾರವು ಸಭೆಯಲ್ಲಿ ಸೋತಿತು. 29ರಂದು ಮತದಾನವೆಂದು ನಿಶ್ಚಯವಾಯಿತು.

ಮತದಾನಕ್ಕೆ ನಾಲ್ಕೇ ದಿನಗಳಿರುವಾಗ, 25ರ ಬೆಳಗ್ಗೆ, ‘ಡೈಲಿ ಮೇಲ್’ ಪತ್ರಿಕೆಯು ಒಂದು ಪತ್ರವನ್ನು ಪ್ರಕಟಿಸಿತು. ಮಾಸ್ಕೋದಲ್ಲಿದ್ದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಸ್ಥೆಯ ಅಧ್ಯಕ್ಷನಾದ ಜಿನೋವಿಯೆವ್ ಎಂಬವನು ಬ್ರಿಟಿಷ್ ಕಮ್ಯುನಿಸ್ಟರಿಗೆ ಸೆಪ್ಟೆಂಬರ್ 15ರಂದು ಬರೆದುದೆಂದು ಅದನ್ನು ಸಾರಲಾಗಿತ್ತು. ಒಪ್ಪಂದಗಳ ಪರವಾಗಿ ಕಾರ್ಮಿಕರನ್ನು ಎಬ್ಬಿಸಬೇಕು, ಸೈನ್ಯದೊಳಗೆ ಗುಪ್ತಮಂಡಲಿಗಳನ್ನು ಕಟ್ಟಬೇಕು ಎಂಬುದೇ ಅದರ ತಾತ್ಪರ್ಯ. ವಿದೇಶಾಂಗ ಕಚೇರಿಯು ರಷ್ಯದ ಪ್ರತಿನಿಧಿಯಾದ ರಾಕೋವ್‌ಸ್ಕಿಗೆ ಕಳುಹಿಸಿದ ಪ್ರತಿಭಟನಾಪತ್ರವೂ ಅದೇ ಸಮಯದಲ್ಲಿ ಪ್ರಕಟವಾಯಿತು. ಮ್ಯಾಕ್‌ಡೊನಾಲ್ಡರೇ ವಿದೇಶಾಂಗ ಮಂತ್ರಿಗಳೂ ಆಗಿದ್ದರು; ಚುನಾವಣಾ ಪ್ರವಾಸದಲ್ಲಿದ್ದ ಅವರು ಕರಡನ್ನು ತಿದ್ದಿದ್ದರೇ ಹೊರತು ಅದಕ್ಕೆ ಅಂಕಿತ ಹಾಕಿರಲಿಲ್ಲ. ಸರ್ಕಾರವೇ ಪ್ರತಿಭಟಿಸಿದ ಮೇಲೆ ಪತ್ರವನ್ನು ಶಂಕಿಸುವವರಾರು?

ಶಂಕಿಸಲು ಕಾರಣಗಳಿದ್ದುವು. ಪತ್ರದ ಶಿರೋಭಾಗದಲ್ಲಿ ಸಂಸ್ಥೆಗೆ ‘ಮೂರನೆಯ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್’ ಎಂಬ ಹೆಸರಿತ್ತು. ಮೊದಲನೆಯದೂ ಎರಡನೆಯದೂ ಕಮ್ಯುನಿಸ್ಟ್ ಸಂಸ್ಥೆಗಳಾಗಿರಲಿಲ್ಲವಾದುದರಿಂದ ತಮ್ಮವರು ಆ ಹೆಸರನ್ನು ಬಳಸುವುದೇ ಇಲ್ಲವೆಂದು ರಾಕೋವ್‌ಸ್ಕಿ ಆಗಲೇ ತೋರಿಸಿದನು. ಸಹಿಯೊಡನಿದ್ದ ಪದವಿಯೂ ತಪ್ಪಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮೂಲಪತ್ರವನ್ನು ಕಂಡವರೇ ಇರಲಿಲ್ಲ. ಗೂಢಚಾರ ಇಲಾಖೆಗೆ ಬಾಲ್ಟಿಕ್ ತೀರದ ರೀಗಾ ನಗರದಿಂದ ಬಂದದ್ದು ಪ್ರತಿಮಾತ್ರ. ಓಲೆಗರಿಗಳ ಪಾಠವನ್ನು ನಿರ್ಣಯಿಸುವಾಗ ನಮ್ಮ ಪಾಠಶಾಲೆಯ ಪಂಡಿತರು ಮೊದಲು ಕೇಳುತ್ತಿದ್ದುದು ‘ಮಾತೃಕೆ ಎಲ್ಲಿದೆ?’ ಎಂದು. ಆ ಪ್ರಶ್ನೆಯನ್ನು ಅಲ್ಲಿ ಯಾರಾದರೂ ಪ್ರಕಟಣೆಗೆ ಮುಂಚೆ ಪಟ್ಟುಹಿಡಿದು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು.

ಚುನಾವಣೆಯಲ್ಲಿ ಸೋತ ಮಂತ್ರಿಮಂಡಲವು ಅಧಿಕಾರ ಬಿಡುವ ಮುನ್ನ ವಿಚಾರಣೆ ನಡೆಸಿ, ಮೂಲವೇ ದೊರೆಯದಿರುವುದರಿಂದ ನಿರ್ಣಯ ಅಸಾಧ್ಯವೆಂದಿತು. ಆದರೆ ಅದೇ ನವೆಂಬರಿನಲ್ಲಿ ಹೊಸ ಕನ್ಸರ್ವೇಟಿವ್ ಸರ್ಕಾರದ ಸಮಿತಿಯು ಪತ್ರವು ನಿಸ್ಸಂದೇಹವಾಗಿ ನಿಜವೆಂದು ಸಾರಿತು. ಮೂಲವು ಆಗಲೂ ಸಿಕ್ಕಿರಲಿಲ್ಲ. ಸಿಕ್ಕಿದ್ದುದು ಬಹುಮತ ಮಾತ್ರ.

ಇಲ್ಲಿ ನ್ಯಾಯದೃಷ್ಟಿಯಿಂದ ಎರಡು ಮಾತುಗಳನ್ನು ಹೇಳಬೇಕು. ಮಾಸ್ಕೋದ ಸಂಸ್ಥೆಯು ಅನ್ಯದೇಶಗಳಲ್ಲಿ ಕ್ರಾಂತಿಯನ್ನು ಬಯಸುತ್ತಿದ್ದುದೂ, ಅದಕ್ಕಾಗಿ ಅಲ್ಲಿಯ ಪಕ್ಷಗಳಿಗೆ ಆದೇಶಗಳನ್ನು ಕಳುಹಿಸುತ್ತಿದ್ದುದೂ ನಿಜ. ಆ ನಿಜದ ನೆರಳಿನಲ್ಲಿಯೇ ಸುಳ್ಳು ಬೆಳೆಯಿತು. ಇನ್ನೊಂದು, ಪತ್ರವೇ ಕಾರ್ಮಿಕಪಕ್ಷವನ್ನು ಸೋಲಿಸಿತೆಂಬ ಪ್ರತೀತಿಯನ್ನೂ ಪರೀಕ್ಷಿಸದೆ ನಂಬಲಾಗದು. ಆ ಪಕ್ಷದ ಸ್ಥಾನಗಳು 191ರಿಂದ 151ಕ್ಕೆ ಇಳಿದುವಾದರೂ ಅದಕ್ಕೆ ಬಿದ್ದ ಮತಗಳು ಸುಮಾರು 10 ಲಕ್ಷದಷ್ಟು ಹೆಚ್ಚಿದುವು. ನಿಜವಾಗಿ ಕುಸಿದದ್ದು ಲಿಬರಲ್ ಪಕ್ಷ. ಅದು 158ರಿಂದ 40ಕ್ಕೆ ಇಳಿಯಿತು. ಸೋತವರಿಗೆ ಮಾತ್ರ ತಮ್ಮ ದೋಷಗಳನ್ನು ವಿಚಾರಿಸುವುದಕ್ಕಿಂತ ಪತ್ರವನ್ನು ದೂರುವುದು ಸುಲಭವಾಯಿತು. ಹೀಗೆ ಒಂದು ಸುಳ್ಳು ಇನ್ನೊಂದು ಅರ್ಧಸತ್ಯವನ್ನು ಹೆತ್ತಿತು.

ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಅವರ ಆಜ್ಞೆಯಂತೆ ಆ ಕಚೇರಿಯ ಮುಖ್ಯ ಚರಿತ್ರಕಾರರಾದ ಗಿಲ್ ಬೆನೆಟ್ ಎಂಬ ವಿದುಷಿಯು ಹಳೆಯ ಕಡತಗಳನ್ನು ಶೋಧಿಸಿ 1999ರಲ್ಲಿ ವರದಿಯನ್ನು ಪ್ರಕಟಿಸಿದರು. ಪತ್ರವನ್ನು ಜಿನೋವಿಯೆವ್ ಬರೆದಿರುವುದು ಅತ್ಯಂತ ಅಸಂಭವ. ಕ್ರಾಂತಿವಿರೋಧಿ ರಷ್ಯನರು ರಚಿಸಿದ ಕೂಟಲೇಖವೇ ಅದಾಗಿರಬಹುದು. ಅದು ಪತ್ರಿಕೆಗೆ ತಲಪುವುದರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಒಲಿದಿದ್ದ ಗೂಢಚಾರ ಅಧಿಕಾರಿಗಳ ಕೈವಾಡವಿದ್ದಿರಬಹುದು ಎಂಬುದು ಅವರ ಅಭಿಪ್ರಾಯ. ಜಿನೋವಿಯೆವ್ 1936ರಲ್ಲಿಯೇ ಸ್ಟಾಲಿನ್ನನ ಆಜ್ಞೆಯಿಂದ ಹತನಾಗಿದ್ದನು.

ಸುಳ್ಳು ಹರಡಲು ನಾಲ್ಕು ದಿನಗಳು ಸಾಕಾದುವು. ರಾಜ್ಯವು ತನ್ನ ಕಡತಗಳಿಂದಲೇ ಅದನ್ನು ಅಳೆದು ತೋರಿಸಲು ಎಪ್ಪತ್ತೈದು ವರ್ಷಗಳು ಬೇಕಾದುವು. ಪರದೇಶದವರು ನಮ್ಮ ಚುನಾವಣೆಯಲ್ಲಿ ಕೈಯಿಕ್ಕಿದರೆಂಬ ಕೂಗು ಅಧಿಕಾರಪೀಠದಿಂದಲೇ ಎದ್ದಾಗ ಅದು ಸುಳ್ಳೇ ಇರಬೇಕೆಂದಿಲ್ಲ. ಆದರೆ ಮುದ್ರೆಯಿದ್ದ ಮಾತ್ರಕ್ಕೆ ಅದು ಪ್ರಮಾಣವಾಗುವುದೂ ಇಲ್ಲ. ಮಾತೃಕೆಯನ್ನು ತೋರಿಸೆಂದು ಮತದಾನಕ್ಕೆ ಮೊದಲೇ ವಿನಯದಿಂದ ಕೇಳುವುದು ಪ್ರಜೆಯ ಹಕ್ಕು. ವಿದ್ಯಾವಂತರ ಮಟ್ಟಿಗಂತೂ ಅದು ಕರ್ತವ್ಯ.