ಫಿಸ್ಟುಲಾ: ಊದುವ ಕೊಳವೆ, ಮೊರೆಯುವ ನಾಳ

ಮಿದುಳಿನ ಹೊರಹೊದಿಕೆಯಲ್ಲಿ ಅಪಧಮನಿ ಲೋಮನಾಳಗಳ ಜಾಲವನ್ನು ದಾಟಿ ಹೋಗದೆ ನೇರವಾಗಿ ಅಭಿಧಮನಿಗೆ ಕೂಡಿಕೊಂಡರೆ ವೈದ್ಯರು ಅದನ್ನು ಡ್ಯೂರಲ್ ಫಿಸ್ಟುಲಾ ಎನ್ನುತ್ತಾರೆ. ಫಿಸ್ಟುಲಾ ಲ್ಯಾಟಿನ್ ಮಾತು. ಕುರಿಗಾಹಿ ಊದುತ್ತಿದ್ದ ಜೊಂಡಿನ ಕೊಳಲೂ ಫಿಸ್ಟುಲಾ, ರೋಮಿನ ಮನೆಗಳಿಗೆ ನೀರು ತರುತ್ತಿದ್ದ ಸೀಸದ ಕೊಳವೆಯೂ ಫಿಸ್ಟುಲಾ. ಕ್ರಿ.ಶ. 1ನೇ ಶತಮಾನದ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ, ಒಳಗೊಳಗೇ ದಾರಿ ಕೊರೆದುಕೊಂಡು ಹೋಗುವ ಹುಣ್ಣನ್ನೂ ಇದೇ ಹೆಸರಿನಿಂದ ಕರೆದ. ಅವನಿಗಿಂತ ಮೊದಲೇ ಗ್ರೀಕರು ಅಂಥ ಹುಣ್ಣನ್ನು 'ಸಿರಿಂಕ್ಸ್' ಎಂದಿದ್ದರು. ಅದರ ಅರ್ಥವೂ ಕೊಳಲು. ನಮ್ಮ ಸಿರಿಂಜು ಅದೇ ಬೇರಿನದು.

ಈ ನೆಲದಲ್ಲೂ ಮಾತು ಹೀಗೆಯೇ ನಡೆದಿದೆ. ಋಗ್ವೇದದ 10ನೇ ಮಂಡಲದಲ್ಲಿ ಯಮನ ಮನೆಯಲ್ಲಿ ಊದುವ ವಾದ್ಯ 'ನಾಳೀ'. ಸುಶ್ರುತಸಂಹಿತೆಯಲ್ಲಿ ಕೀವು ಆಳಕ್ಕೆ ದಾರಿ ಮಾಡಿಕೊಂಡ ಹುಣ್ಣು 'ನಾಡೀವ್ರಣ'. ಕೊಳಲು, ಕೊಳವೆ, ಹುಣ್ಣು ಎಂಬ ಮೂರೂ ಒಂದೇ ಮಾತಿನ ಸುತ್ತ ಸೇರಿದ್ದನ್ನು ಕಂಡಾಗ ನನಗೆ ರೋಮಾಂಚನವಾಗುತ್ತದೆ. ತಾವರೆಯ ನಾಳ, ರಕ್ತನಾಳ, ವೈದ್ಯರು ಹಿಡಿದು ನೋಡುವ ನಾಡಿ, ಧಾರವಾಡದ ಕಡೆಯವರ ನೀರಿನ ನಳ ಎಲ್ಲವೂ ಆ ಬಳಗದವೇ.

ರಕ್ತನಾಳಗಳ ತಪ್ಪು ಕೂಡಿಕೆಗೆ ಫಿಸ್ಟುಲಾ ಎಂಬ ಹೆಸರು ತಡವಾಗಿ ಬಂತು. 18ನೇ ಶತಮಾನದಲ್ಲಿ ರಕ್ತ ತೆಗೆಯುವುದೇ ಅನೇಕ ರೋಗಗಳಿಗೆ ಚಿಕಿತ್ಸೆ. ಮೊಣಕೈ ಮಡಿಕೆಯಲ್ಲಿ ಅಭಿಧಮನಿಯನ್ನು ಕುಯ್ಯುವಾಗ ಅಡಿಯ ಅಪಧಮನಿಗೂ ತಾಗಿ ಎರಡೂ ಕೂಡಿಕೊಂಡುದನ್ನು ವೈದ್ಯ ವಿಲಿಯಂ ಹಂಟರ್ 1757ರಲ್ಲಿ ವರ್ಣಿಸಿದ. ಬೆರಳಿಟ್ಟರೆ ಅದುರು, ಕಿವಿಯಿಟ್ಟರೆ ಸದ್ದು. ಅವನು ಅದನ್ನು ಅನ್ಯೂರಿಸಂನ, ಎಂದರೆ ಅಪಧಮನಿಯ ಉಬ್ಬಿನ, ಒಂದು ಬಗೆ ಎಂದೇ ಬರೆದ.

ಆ ಸದ್ದನ್ನು ನಾವು ಮರೆಯಬಾರದು. ಡ್ಯೂರಲ್ ಫಿಸ್ಟುಲಾ ಇರುವ ಅನೇಕರಿಗೆ ಎದೆಬಡಿತದ ಲಯದಲ್ಲಿ ಕಿವಿಯೊಳಗೆ ಮೊರೆತ ಕೇಳಿಸುತ್ತದೆ. ಕೆಲವೊಮ್ಮೆ ಕಿವಿಯ ಹಿಂದೆ ಸ್ಟೆತಾಸ್ಕೋಪ್ ಇಟ್ಟ ವೈದ್ಯರಿಗೂ ಅದು ಕೇಳುತ್ತದೆ. 'ಕಿವಿ ಗುಂಯ್ ಅನ್ನುತ್ತೆ ಡಾಕ್ಟ್ರೇ, ನಾಡಿ ಬಡಿದ ಹಾಗೆ' ಎಂದವರನ್ನು ಭ್ರಮೆ ಎಂದು ಹಿಂದಕ್ಕೆ ಕಳಿಸುವುದು ಅನ್ಯಾಯ. ರಕ್ತ ಹಿಮ್ಮುಖವಾಗಿ ಮಿದುಳಿನ ಮೇಲ್ಮೈಯ ಅಭಿಧಮನಿಗಳಿಗೆ ನುಗ್ಗುತ್ತಿದ್ದರೆ ಅವು ಒಡೆದು ರಕ್ತಸ್ರಾವವಾಗುವ ಅಪಾಯವಿದೆ.

ಕೊಳವೆ ಎಂದಮೇಲೆ ಕಟ್ಟಿಬಿಡುವ ಯೋಚನೆ ಸಹಜ. 1809ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬೆಂಜಮಿನ್ ಟ್ರ್ಯಾವರ್ಸ್, ಇಂಥದೇ ಕೂಡಿಕೆಯಿಂದ ಕಣ್ಣುಗುಡ್ಡೆ ಮಿಡಿಯುತ್ತ ಮುಂದೆ ಚಾಚಿದ್ದ ಮಹಿಳೆಯೊಬ್ಬಳ ಕತ್ತಿನ ದೊಡ್ಡ ಅಪಧಮನಿಯನ್ನೇ ಕಟ್ಟಿದ. ಒಳಗಿನಿಂದ ಮುಚ್ಚುವ ದಾರಿಯನ್ನು ತೆರೆದವರಲ್ಲಿ ಮಾಸ್ಕೋದ ಫ್ಯೊದರ್ ಸೆರ್ಬಿನೆಂಕೊ ಪ್ರಮುಖ. ಕಳಚಿ ಬಿಡಬಲ್ಲ ಪುಟ್ಟ ಬಲೂನನ್ನು ರಕ್ತನಾಳದಲ್ಲಿ ಸಾಗಿಸಿ ಮಾಡಿದ ಚಿಕಿತ್ಸೆಗಳ ವರದಿಯನ್ನು ಆತ 1974ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಈಗ ತೊಡೆಸಂದಿನಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಏರಿಸಿ, ಅದರೊಳಗಿಂದ ಇನ್ನೂ ಸಣ್ಣದನ್ನು ತೂರಿಸಿ, ಎಕ್ಸ್-ರೇ ಪರದೆ ನೋಡುತ್ತ ತಲೆಯವರೆಗೆ ಒಯ್ಯುತ್ತಾರೆ. ಅಲ್ಲಿ ಪ್ಲಾಟಿನಂ ಸುರುಳಿ ತುಂಬುತ್ತಾರೆ, ಇಲ್ಲವೆ ಓನಿಕ್ಸ್ ಎಂಬ ಕಪ್ಪು ದ್ರವ ಬಿಡುತ್ತಾರೆ. ಅದು ರಕ್ತ ತಗುಲಿದೊಡನೆ ಗಟ್ಟಿಯಾಗುತ್ತ ಹೋಗುತ್ತದೆ. ತಲೆಬುರುಡೆ ತೆರೆಯಬೇಕಿಲ್ಲ.

ಹೆಸರು ದಾರಿ ತಪ್ಪಿಸುವುದೂ ಇಲ್ಲಿಯೇ. ಡ್ಯೂರಲ್ ಫಿಸ್ಟುಲಾ ಸಾಮಾನ್ಯವಾಗಿ ಒಂದು ಕೊಳವೆಯಲ್ಲ, ಹಲವು ಸಣ್ಣ ಅಪಧಮನಿಗಳು ಬಂದು ಕೂಡುವ ತಾಣ. ಬರುವ ದಾರಿಗಳನ್ನಷ್ಟೇ ಮುಚ್ಚಿದರೆ ಬೇರೆ ಅಪಧಮನಿಗಳು ಅಲ್ಲಿಗೆ ರಕ್ತ ತರತೊಡಗುತ್ತವೆ. ಒಳಗೆ ಬಿಟ್ಟ ದ್ರವ ಕೂಡಿಕೆಯನ್ನು ದಾಟಿ ಅಭಿಧಮನಿಯ ಬುಡ ಮುಟ್ಟಬೇಕು.

ಇಷ್ಟಾಗಿ ಕರ್ನಾಟಕದ ಅನೇಕರ ಬಾಯಲ್ಲಿ ಫಿಸ್ಟುಲಾ ಎಂಬ ಮಾತು ಬರುವುದು ಡಯಾಲಿಸಿಸ್‌ನಿಂದಲೂ ಹೌದು. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೊ ಮತ್ತು ಸಂಗಡಿಗರು ಪ್ರಕಟಿಸಿದ ಶಸ್ತ್ರಕ್ರಿಯೆಯಲ್ಲಿ ಡಯಾಲಿಸಿಸ್‌ಗಾಗಿ ಮಣಿಕಟ್ಟಿನ ಅಪಧಮನಿ, ಅಭಿಧಮನಿಗಳನ್ನು ಬೇಕೆಂದೇ ಕೂಡಿಸುತ್ತಾರೆ. 'ಕೈಗೆ ಫಿಸ್ಟುಲಾ ಮಾಡಿಸಿದೀವಿ' ಎನ್ನುವವರು ದಿನವೂ ಅದರ ಮೇಲೆ ಬೆರಳಿಟ್ಟು ನೋಡಿಕೊಳ್ಳಬೇಕು. ಹಂಟರ್ ಕಂಡ ಅದುರೇ ಅದು. ಅದುರಾಗಲಿ ಮೊರೆತವಾಗಲಿ ನಿಂತರೆ ಅಂದೇ ಆಸ್ಪತ್ರೆಗೆ ಹೋಗಬೇಕು.